ಮೊಣಗಂಟಿಗೆ ಭಾರವೊಂದೇ ಶತ್ರುವಲ್ಲ



ಪುತ್ತೂರು, ಸುಳ್ಯ, ಕಡಬದ ಕಡೆ ಮಸೀದಿಗೆ ಹೋದರೆ ಸಫ್ಫಿನ ತುದಿಯಲ್ಲಿ ಸಾಲು ಕುರ್ಚಿಗಳನ್ನು ಕಾಣುತ್ತೀರಿ. ನಾನು ಹುಡುಗನಾಗಿದ್ದಾಗ ನಮ್ಮೂರ ಮಸೀದಿಯಲ್ಲಿ ಒಂದೇ ಕುರ್ಚಿಯಿತ್ತು. ಅಲ್ಲಿ ಕುಳಿತವರನ್ನು ವಿಚಾರಿಸಿದರೆ, "ಗಂಟು ಸವೆದು ಹೋಗಿದೆ, ಇನ್ನೇನು ಮಾಡುವುದು?" ಎನ್ನುತ್ತಾರೆ. ಮನೆಯೊಳಗಿನ ಹೆಂಗಸರ ಕುರ್ಚಿಗಳನ್ನು ಯಾರೂ ಎಣಿಸಿಲ್ಲ. ಈ ಕಾಯಿಲೆ ಅವರಲ್ಲೇ ಹೆಚ್ಚು.

'ಸವೆದು ಹೋಗಿದೆ' ಎಂಬ ಮಾತಿನ ಬಗ್ಗೆಯೇ ನನ್ನ ತಕರಾರು. ಜೀಪಿನ ಟಯರು ಸವೆಯುತ್ತದೆ, ನಿಜ. ಅದಕ್ಕೆ ಜೀವವಿಲ್ಲ. ಮೊಣಗಂಟಿಗೆ ಜೀವವಿದೆ. ಅದರೊಳಗೆ ಮೂಳೆಗಳ ತುದಿಗೆ ಕೆಲವೇ ಮಿಲಿಮೀಟರ್ ದಪ್ಪದ, ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಅದಕ್ಕೆ ರಕ್ತನಾಳಗಳಿಲ್ಲ. ನಡೆಯುವಾಗ ಸ್ಪಂಜಿನಂತೆ ಒತ್ತಿಕೊಂಡು, ಒತ್ತಡ ಬಿಟ್ಟಾಗ ಗಂಟಿನ ದ್ರವವನ್ನು ಹೀರಿಕೊಂಡು ಅದು ಆಹಾರ ಪಡೆಯುತ್ತದೆ. ನಡಿಗೆ ನಿಂತರೆ ಅದರ ಊಟವೂ ಕಡಿಮೆಯಾಗುತ್ತದೆ.

ಭಾರದ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಆದರೂ ಒಂದು ಅಂಕಿ ಹೇಳುತ್ತೇನೆ. ಮೊಣಗಂಟು ನೋವಿನ ದಪ್ಪ ಶರೀರದವರ ಮೇಲೆ ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಗಂಟಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು ಕಂಡುಬಂತು. ನಮ್ಮ ಗುಡ್ಡದ ದಾರಿಗಳಲ್ಲಿ ದಿನಕ್ಕೆಷ್ಟು ಹೆಜ್ಜೆ ಇಡುತ್ತೇವೆ, ನೀವೇ ಗುಣಿಸಿ ನೋಡಿ.

ಆದರೆ ಭಾರವೊಂದೇ ಕಾರಣವಾಗಿದ್ದರೆ, ದಪ್ಪಗಿರುವವರ ಕೈಬೆರಳಿನ ಗಂಟುಗಳಲ್ಲೂ ಇದೇ ಕಾಯಿಲೆ ಹೆಚ್ಚಾಗಿ ಕಾಣುವುದೇಕೆ? ಕೈಯೂರಿ ಯಾರೂ ನಡೆಯುವುದಿಲ್ಲವಲ್ಲ!

ವಿಷಯ ಇರುವುದು ಇಲ್ಲೇ. ಕೊಬ್ಬನ್ನು ನಾವು ಮೂಟೆ ಕಟ್ಟಿಟ್ಟ ಅಕ್ಕಿಯಂತೆ ಸುಮ್ಮನೆ ಬಿದ್ದಿರುವ ವಸ್ತು ಎಂದುಕೊಂಡಿದ್ದೆವು. 1994ರಲ್ಲಿ ಲೆಪ್ಟಿನ್ ಎಂಬ ಹಾರ್ಮೋನು ಪತ್ತೆಯಾದ ಮೇಲೆ, ಕೊಬ್ಬು ತಾನೂ ಒಂದು ಗ್ರಂಥಿಯಂತೆ ರಸಗಳನ್ನು ಸುರಿಸುತ್ತದೆಂಬುದು ಸ್ಪಷ್ಟವಾಯಿತು. ಕೊಬ್ಬು ಅತಿಯಾದಾಗ ಲೆಪ್ಟಿನ್, ಇಂಟರ್‌ಲ್ಯೂಕಿನ್-6 ಮೊದಲಾದವು ರಕ್ತದಲ್ಲಿ ಹೆಚ್ಚಾಗಿ, ಗಂಟಿನ ದ್ರವಕ್ಕೂ ಸೇರುತ್ತವೆ. ಮೊಣಚಿಪ್ಪಿನ ಕೆಳಗೆ, ಗಂಟಿನ ಒಳಗೇ ಒಂದು ಕೊಬ್ಬಿನ ಮೆತ್ತೆಯಿದೆ. ಅದೂ ಇದಕ್ಕೆ ಕೈಜೋಡಿಸುತ್ತದೆ. ಇದರಿಂದ ಗಂಟಿನ ಒಳಪೊರೆ ಉರಿಯೂತದಿಂದ ಬಾತುಕೊಳ್ಳುತ್ತದೆ. ಮೃದ್ವಸ್ಥಿಯನ್ನು ಕಟ್ಟಿ ಕಾಪಾಡಬೇಕಾದ ಜೀವಕೋಶಗಳೇ ಅದರ ಕೊಲಾಜನ್ ಎಳೆಗಳನ್ನು ಕತ್ತರಿಸುವ ಕಿಣ್ವಗಳನ್ನು ಹೊರಬಿಡತೊಡಗುತ್ತವೆ. ಉದುರಿದ ಚೂರುಗಳು ಒಳಪೊರೆಯನ್ನು ಮತ್ತಷ್ಟು ಕೆರಳಿಸುತ್ತವೆ. ಕಾವಲುಗಾರನೇ ಬೇಲಿ ಕಿತ್ತಂತೆ!

ನನ್ನ ಉಮ್ಮನ ವಿಷಯ ಹೇಳಬೇಕು. ವರ್ಷಗಟ್ಟಲೆ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ಗಂಟು ನೋವು ಶುರುವಾದಾಗ ಮಕ್ಕಳಾದ ನಾವು ಪ್ರೀತಿಯಿಂದಲೇ ಒಂದು ತಪ್ಪು ಮಾಡಿದೆವು. ಬಾವಿಕಟ್ಟೆಗೆ ಹೋಗಬೇಡಿ, ತೋಟಕ್ಕೆ ಇಳಿಯಬೇಡಿ ಎಂದು ಕುರ್ಚಿ ತಂದು ಕೂರಿಸಿದೆವು. ಚಹಾ, ಬೇಕರಿ ತಿಂಡಿ ಕೈಗೇ ತಂದುಕೊಟ್ಟೆವು. ಎರಡು ವರ್ಷದಲ್ಲಿ ತೂಕ ಏರಿತು, ತೊಡೆಯ ಸ್ನಾಯು ಸೊರಗಿತು, ನೋವು ಇಮ್ಮಡಿಯಾಯಿತು. ವೈದ್ಯನಾದ ನನಗೂ ಆಗ ಹೊಳೆಯಲಿಲ್ಲ.

ಸಮಾಧಾನದ ಮಾತೂ ಇದೆ. ಅಮೆರಿಕದಲ್ಲೇ 55 ವರ್ಷ ದಾಟಿದ 454 ಮಂದಿಯ ಮೇಲೆ 18 ತಿಂಗಳು ನಡೆದ ಪರೀಕ್ಷೆಯ ಫಲಿತಾಂಶ 2013ರಲ್ಲಿ ಬಂತು. ಊಟದ ಹಿಡಿತ, ವ್ಯಾಯಾಮ ಎರಡನ್ನೂ ಪಾಲಿಸಿದವರು ಸರಾಸರಿ 10 ಕಿಲೋದಷ್ಟು ಇಳಿದರು. ಬರೀ ವ್ಯಾಯಾಮ ಮಾಡಿದವರಿಗಿಂತ ಅವರ ನೋವೂ ಕಡಿಮೆ, ರಕ್ತದಲ್ಲಿನ ಇಂಟರ್‌ಲ್ಯೂಕಿನ್-6 ಸಹ ಕಡಿಮೆ. ಹೋದ ಮೃದ್ವಸ್ಥಿ ಮರಳಿ ಬೆಳೆಯುತ್ತದೆಂದು ನಾನು ಹೇಳುತ್ತಿಲ್ಲ. ಉರಿಯೂತ ತಗ್ಗಿಸಬಹುದು, ಕಾಲಿಗೆ ಬಲ ತರಬಹುದು. ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದಿನಿಂದಲೂ ಗಂಟುನೋವು ತಗ್ಗಿದ್ದು 2024ರಲ್ಲಿ ವರದಿಯಾಗಿದೆ. ಹಾಗೆಂದು ಗಲ್ಫಿನಿಂದ ಬರುವ ಭಾವನ ಕೈಯಲ್ಲಿ ಅದನ್ನು ತರಿಸಿಕೊಳ್ಳಬೇಡಿ. ವೈದ್ಯರ ಕಣ್ಗಾವಲಿಲ್ಲದೆ ತೆಗೆದುಕೊಳ್ಳುವ ಮದ್ದಲ್ಲ ಅದು.

ಉಮ್ಮ ಈಗ ಅನ್ನ ಅರ್ಧ ಮಾಡಿದ್ದಾರೆ, ಚಹಾಕ್ಕೆ ಸಕ್ಕರೆ ಬಿಟ್ಟಿದ್ದಾರೆ. ನೆಯ್ಚೋರು ಮದುವೆಮನೆಗೆ ಮಾತ್ರ. ಅದೇ ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರ ನೀಡಿ, ಐದು ಎಣಿಸಿ ಇಳಿಸುತ್ತಾರೆ. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಅಂಗಳದಲ್ಲಿ ನಡೆಯುತ್ತಾರೆ. ಒಂದೂವರೆ ವರ್ಷದಲ್ಲಿ ಆರು ಕಿಲೋ ಇಳಿದಿದ್ದಾರೆ. ಎಕ್ಸ್‌ರೇ ಹಾಗೆಯೇ ಇದೆ. ಆದರೆ ಕಳೆದ ತಿಂಗಳು ಯಾರಿಗೂ ಹೇಳದೆ ತೋಟಕ್ಕಿಳಿದು ಬಿದ್ದ ಅಡಿಕೆ ಹೆಕ್ಕಿ ತಂದಿದ್ದರು.