ಚೆಕ್ ಎಂಬ ಒಂದು ಮಾತು

ಗಡಿಯ ಊರಿನವರಾದ ನಿಮಗೆ ಚೆಕ್‌ಪೋಸ್ಟ್ ಎಂದರೇನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಂಕಿನ ಚೆಕ್ಕು, ಚೆಕ್ಸ್ ಅಂಗಿ, ಡಾಕ್ಟರ ಚೆಕಪ್ಪು, ಇವೂ ನಿಮ್ಮ ಮನೆಮಾತೇ. ಬೇರೆ ಬೇರೆಯಾಗಿ ಕಾಣುವ ಈ ಮಾತುಗಳೆಲ್ಲ ಹುಟ್ಟಿದ್ದು ಒಂದೇ ಕಡೆ, ಚದುರಂಗದ ಹಾಸಿನ ಮೇಲೆ.

ನಮ್ಮ ದೇಶದ ಚತುರಂಗ ಪರ್ಷಿಯಾಕ್ಕೆ ಹೋಯಿತು. ಅಲ್ಲಿ ರಾಜನಿಗೆ ‘ಶಾಹ್’ ಎನ್ನುತ್ತಾರೆ. ಎದುರಾಳಿಯ ರಾಜನಿಗೆ ಅಪಾಯ ಬಂದಾಗ ‘ಶಾಹ್’ ಎಂದು ಕೂಗಿ ಎಚ್ಚರಿಸುವುದು ಆಟದ ರೂಢಿ. ಆಟ ಅರಬರ ಕೈಯಿಂದ ಯೂರೋಪಿಗೆ ದಾಟಿತು. ಆ ಕೂಗು ಫ್ರೆಂಚರ ಬಾಯಲ್ಲಿ ‘ಎಸ್‌ಚೆಕ್’ ಆಗಿ, ಇಂಗ್ಲಿಷಿನಲ್ಲಿ ‘ಚೆಕ್’ ಎಂದು ನಿಂತಿತು.

ಚೆಕ್ ಎಂದೊಡನೆ ಬೇರೆ ನಡೆಯನ್ನು ಬಿಟ್ಟು ರಾಜನನ್ನು ಉಳಿಸಿಕೊಳ್ಳಬೇಕು. ಆದ್ದರಿಂದ ಆ ಮಾತಿಗೆ ‘ತಡೆ’ ಎಂಬ ಅರ್ಥ ಬಂತು. ತಪ್ಪನ್ನು ತಡೆಯಬೇಕಾದರೆ ಮೊದಲು ನೋಡಬೇಕಲ್ಲವೇ? ಹಾಗೆ ‘ಪರೀಕ್ಷಿಸು’ ಎಂಬ ಅರ್ಥವೂ ಕೂಡಿಕೊಂಡಿತು. 18ನೇ ಶತಮಾನದಲ್ಲಿ ಹಣದ ಚೀಟಿಯಲ್ಲಿ ಮೋಸವಾಗದಂತೆ ಇಟ್ಟುಕೊಳ್ಳುವ ಕೌಂಟರ್‌ಫಾಯಿಲಿಗೆ ಚೆಕ್ ಎಂದರು. ಮುಂದೆ ಚೀಟಿಗೇ ಆ ಹೆಸರಾಯಿತು. ಹಾಸಿನ ಚೌಕಗಳಿಂದ ಚೌಕಳಿ ಬಟ್ಟೆಗೆ ಹೆಸರು ಬಂತು. 12ನೇ ಶತಮಾನದಲ್ಲಿ ಇಂಗ್ಲೆಂಡಿನ ಅರಸರ ಲೆಕ್ಕಿಗರು ಅಂಥ ಬಟ್ಟೆ ಹಾಸಿದ ಮೇಜಿನ ಮೇಲೆ ಬಿಲ್ಲೆಗಳನ್ನಿಟ್ಟು ಕಂದಾಯ ಎಣಿಸುತ್ತಿದ್ದರು. ಅದರಿಂದ ಖಜಾನೆಗೆ ‘ಎಕ್ಸ್‌ಚೆಕರ್’ ಎಂಬ ಹೆಸರು. ಬ್ರಿಟನ್ನಿನ ಹಣಕಾಸು ಮಂತ್ರಿಯ ಪದವಿಯಲ್ಲಿ ಅದು ಇಂದಿಗೂ ಉಳಿದಿದೆ.

ಇನ್ನು ನಮ್ಮ ಚೆಕ್‌ಪೋಸ್ಟಿಗೆ ಬರೋಣ. ಕನ್ನಡದ ಫಲಕದಲ್ಲಿ ಅದು ‘ತನಿಖಾ ಠಾಣೆ’. ತಾಳವಾಡಿಯವರು ತಮಿಳಿನಲ್ಲಿ ‘ಸೋದನೈಚ್ಚಾವಡಿ’ ಎಂದು ಓದುತ್ತಾರೆ, ಜತ್ತಿನವರು ಮರಾಠಿಯಲ್ಲಿ ‘ತಪಾಸಣೀ ನಾಕಾ’ ಎಂದು. ನೋಡಿ, ಮೂರು ಭಾಷೆಗಳೂ ಆರಿಸಿಕೊಂಡದ್ದು ಪರೀಕ್ಷೆಯ ಅರ್ಥವನ್ನು, ತಡೆಯ ಅರ್ಥವನ್ನಲ್ಲ.

ಆದರೂ ಹಳೆಯ ಅರ್ಥ ಸತ್ತಿಲ್ಲ. 2020ರ ಮಾರ್ಚಿನಲ್ಲಿ, ಕೊರೋನಾ ಕಾಲಕ್ಕೆ, ತಲಪಾಡಿಯ ದಾರಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಗಡಿಯಿಂದಲೇ ಹಿಂದಿರುಗಬೇಕಾಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ರೋಗಿಗಳಿಗೆ ದಾರಿ ಬಿಡಿಸಬೇಕೆಂದು ಆದೇಶಿಸಿತು. ಸಂಗತಿ ಸುಪ್ರೀಂ ಕೋರ್ಟಿಗೂ ಹೋಯಿತು. ಆಮೇಲೆ ಗಡಿಯಲ್ಲಿ ರೋಗಿಗಳನ್ನು ಪರೀಕ್ಷಿಸಿ ಬಿಡುವ ಏರ್ಪಾಡಾಯಿತು. ಅಂದರೆ ತಡೆಯಾಗಿದ್ದ ಚೆಕ್ಕು ತಪಾಸಣೆಯ ಚೆಕ್ಕಾಯಿತು.

ತಪಾಸಣೆ ಮುಗಿದರೆ ದಾರಿ ಸಿಗುತ್ತದೆ. ತಡೆಯಲ್ಲಿ ದಾರಿಯೇ ಇಲ್ಲ. ಹಾಗಾಗಿ ಗಡಿಯ ಗೇಟು ಇಳಿದಾಗ ‘ಏನನ್ನು ನೋಡಬೇಕು, ಸ್ವಾಮಿ?’ ಎಂದು ಕೇಳುವ ಹಕ್ಕು ನಿಮಗಿದೆ. ಫಲಕದ ಮೇಲೆ ಬರೆದಿರುವುದೂ ಅದನ್ನೇ. ನಿಮ್ಮ ಎರಡು ಭಾಷೆಗಳಲ್ಲಿ ಯಾವುದರಲ್ಲಿ ಕೇಳಿದರೂ ಸರಿಯೇ.