ಗಂಟು ಬಿಚ್ಚಿ ಓದೋಣ



ಎಂ.ಕೆ. ಹುಬ್ಬಳ್ಳಿಯ ಹೊಳೆಯೊಳಗಿನ ಗಂಗಾಂಬಿಕೆ ತಾಯಿಯ ಐಕ್ಯ ಮಂಟಪವನ್ನು ನಮ್ಮಲ್ಲಿ ಬಹಳ ಮಂದಿ ನೋಡೀವಿ. ಆ ತಾಯಿ ವಚನ ಬರೆದಾಕಿ. ಅಕ್ಕಿ ಆಯ್ದು ಬದುಕಿದ ಲಕ್ಕಮ್ಮನೂ ಬರೆದಳು. 800 ವರ್ಷಕ್ಕೂ ಹಿಂದಿನ ಇಂಥ ಮಾತು ನಮ್ಮ ತನಕ ಹ್ಯಾಂಗ ಬಂತು?

ವಚನಗಳನ್ನು ತಾಳೆಗರಿಯ ಮೇಲೆ ಬರೆದಿಡುತ್ತಿದ್ದರು. ಮಠಗಳಲ್ಲಿ, ಮನೆಗಳಲ್ಲಿ ಆ ಗರಿಗಳನ್ನು ಅರಿವೆಯಲ್ಲಿ ಕಟ್ಟಿ ಜಗಲಿಯ ಮೇಲೆ ಇಟ್ಟಿದ್ದರು. ಪೂಜೆ ಆಗುತ್ತಿತ್ತು. ಗಂಟು ಬಿಚ್ಚಿ ಓದುವವರು ಕಡಿಮೆ. ಎಷ್ಟೋ ಗರಿಗಳನ್ನು ಹುಳ ತಿಂದವು.

ಫ.ಗು. ಹಳಕಟ್ಟಿ ಎಂಬ ವಕೀಲರಿದ್ದರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ವಿಜಯಪುರದಲ್ಲಿ ನೆಲೆಸಿದರು. ಊರೂರು ತಿರುಗಿ ಗರಿಗಳನ್ನು ಕೂಡಿಸಿದರು. ಓದಿ ಕಾಗದಕ್ಕೆ ಇಳಿಸಿದರು. 1923ರಲ್ಲಿ ಅವರ 'ವಚನಶಾಸ್ತ್ರಸಾರ' ಬೆಳಗಾವಿಯಲ್ಲಿ ಅಚ್ಚಾಯಿತು. 1925ರಲ್ಲಿ ಸ್ವಂತ ಮನೆ ಮಾರಿ ಛಾಪಖಾನೆ ಹಾಕಿದರು. ಆಮೇಲೆ ಬಾಡಿಗೆ ಮನೆಯಲ್ಲಿ ಇದ್ದರು. 1964ರಲ್ಲಿ ತೀರಿಕೊಂಡರು. ಅವರ ಹೆಸರಿನ ಸಂಶೋಧನ ಕೇಂದ್ರ ವಿಜಯಪುರದಲ್ಲಿದೆ.

ನಮ್ಮ ಮನೆಯಲ್ಲೂ ಹಳೇ ಟ್ರಂಕು ಇರತಾವು. ಅದರೊಳಗೆ ಅಜ್ಜಿಯ ಹಾಡು ಬರೆದಿಟ್ಟ ವಹಿ, ತವರಿನ ಪತ್ರ, ಲಗ್ನಪತ್ರಿಕೆ, ಹೊಲದ ಕಾಗದ. ನಿನ್ನೆಯ ತನಕ ಅವು ನಮಗೆ ಬರೀ ಕಾಗದ. ಈಗ ನಮಗೆ ಅಕ್ಷರ ಬಂದಾವು. ಒಲೆಗೆ ಹಾಕುವ ಮೊದಲು, ರದ್ದಿಯವನ ತಕ್ಕಡಿಗೆ ಹಾಕುವ ಮೊದಲು, ಬಿಚ್ಚಿ ಓದೋಣ. ಯಾರು ಬರೆದದ್ದು? ಯಾವ ಊರು? ಯಾವ ವರ್ಷ? ಒಂದು ಚೀಟಿಯಲ್ಲಿ ಬರೆದು ಜೊತೆಗಿಡೋಣ. ಒಣಗಿದ ಬೇವಿನೆಲೆ ಹಾಕಿ, ಒಣ ಅರಿವೆಯಲ್ಲಿ ಕಟ್ಟೋಣ.

ಮುಂದಿನ ವಾರ ಬರುವಾಗ ಅಂಥದೊಂದು ಹಾಳೆ ತರ್ರಿ. ಎಲ್ಲಾರೂ ಕೂಡಿ ಓದೋಣ.