ಮಾಗಡಿ ಕೆರೆಯ ಹೆಬ್ಬಾತು ಮತ್ತು ನಮ್ಮ ಕಡಲೆ ಹೊಲ

(ಮಾಗಡಿ ಕೆರೆಯ ಸುತ್ತಲಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಶಿರಹಟ್ಟಿ ತಾಲ್ಲೂಕಿನ ಈ ಮಾಗಡಿ ಕೆರೆಗೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ನೀರಾವರಿಗೆಂದು ಮಳೆನೀರನ್ನು ಹಿಡಿದಿಡಲು ಮನುಷ್ಯರೇ ಕಟ್ಟಿದ, ಸುಮಾರು 134 ಎಕರೆ ವಿಸ್ತಾರದ ಕೆರೆ ಇದು. ಇಲ್ಲಿ 166 ಜಾತಿಯ ಹಕ್ಕಿಗಳನ್ನು ಗುರುತಿಸಲಾಗಿದ್ದು, ಅವುಗಳಲ್ಲಿ 130 ಜಾತಿಗಳು ವಲಸೆ ಬರುವಂಥವು. ಆದರೆ ಕೆರೆಗೆ ಹೆಸರು ತಂದುಕೊಟ್ಟದ್ದು ಒಂದೇ ಹಕ್ಕಿ: ಚಳಿಗಾಲದಲ್ಲಿ ಎಂಟು ಸಾವಿರದಷ್ಟು ಸಂಖ್ಯೆಯಲ್ಲಿ ಬಂದಿಳಿಯುವ ಪಟ್ಟೆತಲೆ ಹೆಬ್ಬಾತು.

ಮನ್ನಣೆ ಬಂದದ್ದು ಕೆರೆಗೆ. ಹಕ್ಕಿ ಮೇಯುವುದು ಮಾತ್ರ ಕೆರೆಯ ಆಚೆಗಿನ ಹೊಲಗಳಲ್ಲಿ. ದಂಡೆಯ ರೈತರು ಕೇಳುವ ಪ್ರಶ್ನೆ ನೇರವಾಗಿದೆ: “ಈ ಹಕ್ಕಿಯಿಂದ ಊರಿಗೆ ಹೆಸರು ಬಂತು ಸರಿ, ನಮ್ಮ ಕಡಲೆಯ ಲೆಕ್ಕ ಯಾರು ಕೊಡುತ್ತಾರೆ?” ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಈ ಹಕ್ಕಿಯ ದೇಹವನ್ನು, ಅದರ ಹಸಿವನ್ನು ಅರಿಯಬೇಕು.

ಪತ್ರಿಕೆಗಳು ಪ್ರತಿವರ್ಷ ಬರೆಯುವ ಎರಡು ಮಾತುಗಳನ್ನು ಮೊದಲೇ ತಿದ್ದಿಬಿಡುತ್ತೇನೆ. ಇವು ಸೈಬೀರಿಯಾದ ಹಕ್ಕಿಗಳೆಂಬುದು ಒಂದು. ಇವು ಮರಿ ಮಾಡುವ ನೆಲೆಗಳಿರುವುದು ಮುಖ್ಯವಾಗಿ ಮಂಗೋಲಿಯಾ, ಟಿಬೆಟ್ ಮತ್ತು ಚೀನಾದ ಛಿಂಗ್‌ಹಾಯ್ ಪ್ರಸ್ಥಭೂಮಿಯ ಎತ್ತರದ ಸರೋವರಗಳಲ್ಲಿ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಇವು ವಿದೇಶಿ ಅತಿಥಿಗಳೆಂಬುದು ಇನ್ನೊಂದು ಮಾತು. ಅತಿಥಿ ಎಂದರೆ ಎರಡು ದಿನ ಇದ್ದು ಹೋಗುವವನು. ನವೆಂಬರಿನಿಂದ ಮಾರ್ಚಿನವರೆಗೆ ನಮ್ಮ ನೀರು ಕುಡಿದು, ನಮ್ಮ ಹೊಲದಲ್ಲಿ ಉಂಡು, ಮರಿಗಳನ್ನು ಜೊತೆಗಿಟ್ಟುಕೊಂಡು ಬಾಳುವುದನ್ನು ಅತಿಥಿ ಎನ್ನುವುದು ಹೇಗೆ? ಅದು ಈ ಊರಿನ ಅರ್ಧ ವರ್ಷದ ಒಕ್ಕಲು.

ಈಗ ಹಕ್ಕಿಯ ದೇಹಕ್ಕೆ ಬರೋಣ. ಎರಡರಿಂದ ಮೂರು ಕಿಲೋ ತೂಕದ ಈ ಹಕ್ಕಿ ಹಿಮಾಲಯವನ್ನು ರೆಕ್ಕೆ ಬಡಿದೇ ದಾಟುತ್ತದೆ. ಹದ್ದಿನಂತೆ ಬಿಸಿಗಾಳಿಯ ಮೇಲೆ ತೇಲಿ ಏರುವ ಸೌಕರ್ಯ ಇದಕ್ಕಿಲ್ಲ. ಸುಮಾರು ಐದೂವರೆ ಸಾವಿರ ಮೀಟರ್ ಎತ್ತರದಲ್ಲಿ ದೊರೆಯುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಅಲ್ಲಿ ನಾವು ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ. ಗಾಳಿ ತೆಳುವಾದಷ್ಟೂ ಮೇಲೇರಲು ಬೇಕಾದ ಶ್ರಮವೂ ಹೆಚ್ಚು.

ಎವರೆಸ್ಟ್ ಶಿಖರದ ಮೇಲೆಯೇ ಇವು ಹಾರುತ್ತವೆಂಬ ಕಥೆ ಬಹುಕಾಲದಿಂದ ಪ್ರಚಾರದಲ್ಲಿದೆ. ಬ್ರಿಟನ್ನಿನ ವಿಜ್ಞಾನಿ ಲೂಸಿ ಹಾಕ್ಸ್ ಮತ್ತು ಸಂಗಡಿಗರು ಉಪಗ್ರಹಕ್ಕೆ ಸಂಕೇತ ಕಳಿಸುವ ಪುಟ್ಟ ಯಂತ್ರಗಳನ್ನು ಹಕ್ಕಿಗಳಿಗೆ ಕಟ್ಟಿ ಈ ಕಥೆಯನ್ನು ಪರೀಕ್ಷಿಸಿದರು. ಹೀಗೆ ಹಿಂಬಾಲಿಸಿದ ಹಕ್ಕಿಗಳಲ್ಲಿ ಒಡಿಶಾದ ಚಿಲಿಕಾ ಮತ್ತು ತಮಿಳುನಾಡಿನ ಕೂಂದನ್‌ಕುಳಂನಲ್ಲಿ ಹಿಡಿದು ಬಿಟ್ಟವೂ ಇದ್ದವು. 2011ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಬಯಲಿನಿಂದ ಹೊರಟ ಹಕ್ಕಿ ಏಳೆಂಟು ಗಂಟೆಗಳಲ್ಲಿ ಹಿಮಾಲಯವನ್ನು ಏರಿಬಿಡಬಲ್ಲದು. ಅದೂ ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ, ಗಾಳಿ ಶಾಂತವಾಗಿಯೂ ತಂಪಾಗಿಯೂ ಇರುವ ಹೊತ್ತಿನಲ್ಲಿ. ತಂಪು ಗಾಳಿ ಸಾಂದ್ರವಾಗಿರುವುದರಿಂದ ರೆಕ್ಕೆಗೆ ಹಿಡಿತ ಹೆಚ್ಚು. 2013ರ ಅಧ್ಯಯನದಲ್ಲಿ 91 ಹಕ್ಕಿಗಳ ಮಾಹಿತಿ ಇತ್ತು. ದಾಖಲಾದ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಆದರೆ ನೂರಕ್ಕೆ ತೊಂಬತ್ತೈದು ದಾಖಲೆಗಳು ಐದೂವರೆ ಸಾವಿರ ಮೀಟರಿನ ಒಳಗಿದ್ದವು. ಅಂದರೆ ಹಕ್ಕಿ ಶಿಖರಗಳ ಗೊಡವೆಗೆ ಹೋಗದೆ ಕಣಿವೆಗಳ ದಾರಿ ಹಿಡಿಯುತ್ತದೆ.

2015ರಲ್ಲಿ ಚಾರ್ಲ್ಸ್ ಬಿಷಪ್ ಮತ್ತು ತಂಡದವರು ಹಕ್ಕಿಯ ದೇಹದೊಳಗೆ ಇರಿಸಿದ ಉಪಕರಣಗಳಿಂದ ಎದೆಬಡಿತವನ್ನೂ ರೆಕ್ಕೆಬಡಿತವನ್ನೂ ಅಳೆದು ಮತ್ತೊಂದು ವಿಷಯ ತಿಳಿಸಿದರು. ಒಮ್ಮೆ ಎತ್ತರಕ್ಕೇರಿ ಅದೇ ಮಟ್ಟದಲ್ಲಿ ಸಾಗುವ ಬದಲು ಹಕ್ಕಿ ನೆಲದ ಏರಿಳಿತಕ್ಕೆ ತಕ್ಕಂತೆ ತಾನೂ ಏರುತ್ತ ಇಳಿಯುತ್ತ ಹೋಗುತ್ತದೆ. ಗಳಿಸಿದ ಎತ್ತರವನ್ನು ಕಳೆದುಕೊಂಡು ಮತ್ತೆ ಏರುವುದು ನಷ್ಟದ ವ್ಯವಹಾರವೆಂದು ತೋರಬಹುದು. ತೆಳುಗಾಳಿಯಲ್ಲಿ ಬಹಳ ಹೊತ್ತು ಇರುವುದಕ್ಕಿಂತ ಅದೇ ಅಗ್ಗ.

ಇದಕ್ಕೆ ಬೇಕಾದ ಸಲಕರಣೆಗಳು ಹಕ್ಕಿಯ ರಕ್ತದಲ್ಲೇ ಇವೆ. ಅದರ ಹಿಮೋಗ್ಲೋಬಿನ್ ಬಯಲಿನ ಬಾತುಗಳದ್ದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿಯುತ್ತದೆ. ಪ್ರೋಟೀನಿನ ಸರಪಳಿಯಲ್ಲಿ ಕೆಲವೇ ಕೊಂಡಿಗಳು ಬದಲಾಗಿರುವುದು ಇದಕ್ಕೆ ಕಾರಣ. ಹಾರಾಟದ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ದಟ್ಟವಾಗಿವೆ. ಶಕ್ತಿಯ ಕುಲುಮೆಗಳಾದ ಮೈಟೋಕಾಂಡ್ರಿಯಾಗಳು ಜೀವಕೋಶದ ಅಂಚಿಗೆ, ಆ ರಕ್ತನಾಳಗಳ ಪಕ್ಕಕ್ಕೆ, ಸರಿದು ಕುಳಿತಿವೆ. ಬಾವಿಗೆ ಹತ್ತಿರ ಮನೆ ಕಟ್ಟಿಕೊಂಡ ಹಾಗೆ.

ವಿದ್ಯಾರ್ಥಿಗಳು ಜೆಸಿಕಾ ಮೇಯರ್ ಅವರ ಪ್ರಯೋಗವನ್ನು ನೆನಪಿನಲ್ಲಿಡಬೇಕು. ಮೊಟ್ಟೆಯಿಂದ ಹೊರಬಂದ ಬಾತಿನ ಮರಿ ಮೊದಲು ಕಂಡ ಚಲಿಸುವ ಜೀವವನ್ನೇ ತಾಯಿಯೆಂದು ಹಿಂಬಾಲಿಸುತ್ತದೆ. ಕಾನ್ರಾಡ್ ಲೊರೆನ್ಸ್ ಎಂಬ ವಿಜ್ಞಾನಿ ಬೂದು ಹೆಬ್ಬಾತುಗಳಲ್ಲಿ ಇದನ್ನು ವಿವರವಾಗಿ ತೋರಿಸಿದ್ದರು. ಪ್ರಾಣಿವರ್ತನೆಯ ಅಧ್ಯಯನಕ್ಕಾಗಿ 1973ರ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. ಮೇಯರ್ ಕೆನಡಾದಲ್ಲಿ ಪಟ್ಟೆತಲೆ ಹೆಬ್ಬಾತಿನ ಮರಿಗಳಿಗೆ ತಾವೇ ತಾಯಿಯಾದರು. ಅವು ಬೆಳೆದ ಮೇಲೆ ಗಾಳಿಸುರಂಗದಲ್ಲಿ, ಮುಖಕ್ಕೆ ಉಸಿರಾಟದ ಕವಚ ತೊಟ್ಟು, ಹಿಮಾಲಯದ ಎತ್ತರದಲ್ಲಿರುವಷ್ಟೇ ಕಡಿಮೆ ಆಮ್ಲಜನಕದಲ್ಲಿ ಹಾರಲು ಕಲಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಆಮ್ಲಜನಕ ಕಡಿಮೆಯಾದಾಗ ಹಕ್ಕಿಯ ಎದೆಬಡಿತ ಹೆಚ್ಚಲಿಲ್ಲ, ದೇಹ ತನ್ನ ಖರ್ಚನ್ನೇ ತಗ್ಗಿಸಿಕೊಂಡಿತು. ರಕ್ತವೂ ತಂಪಾಯಿತು, ಮತ್ತು ತಂಪಾದ ರಕ್ತ ಹೆಚ್ಚು ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಮೇಯರ್ ಗಗನಯಾತ್ರಿಯಾಗಿ, ಮಹಿಳೆಯರಷ್ಟೇ ಇದ್ದ ಮೊದಲ ಬಾಹ್ಯಾಕಾಶ ನಡಿಗೆಯಲ್ಲಿ ಪಾಲ್ಗೊಂಡರು.

ಇಷ್ಟೆಲ್ಲ ಸಲಕರಣೆ ಇದ್ದರೂ ಇಂಧನವಿಲ್ಲದೆ ಪಯಣವಿಲ್ಲ. ಆ ಇಂಧನ ಕೊಬ್ಬು. ತೂಕಕ್ಕೆ ತೂಕ ಹಿಟ್ಟಿನ ಪದಾರ್ಥಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಕೊಬ್ಬಿನಲ್ಲಿದೆ. ಮಾರ್ಚಿನಲ್ಲಿ ಹೊರಡುವ ಹಕ್ಕಿ ಈ ಗಂಟನ್ನು ಕಟ್ಟಿಕೊಳ್ಳಲು ತೊಡಗುವುದು ನಮ್ಮ ಎರೆಹೊಲಗಳಲ್ಲಿ. ಹೆಬ್ಬಾತಿಗೆ ದನದಂತೆ ಮೆಲುಕು ಹಾಕುವ ಹೊಟ್ಟೆಯಿಲ್ಲ. ತಿಂದ ಹುಲ್ಲು ಒಂದೆರಡು ಗಂಟೆಯಲ್ಲೇ ಹೊರಬೀಳುತ್ತದೆ, ನಾರು ಬಹುಪಾಲು ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ಅದು ಬಹಳ ಹೊತ್ತು ಮೇಯಲೇಬೇಕು, ಎಳೆಯ ಕುಡಿಯನ್ನೇ ಆರಿಸಲೇಬೇಕು; ಸಿಕ್ಕರೆ ಉದುರಿದ ಕಾಳನ್ನು ಬಿಡುವುದಿಲ್ಲ. ಅದನ್ನು ದುರಾಸೆ ಎನ್ನಲಾಗದು, ಜೀರ್ಣಾಂಗದ ರಚನೆಯೇ ಹಾಗಿದೆ. ಮೇದ ಹಕ್ಕಿಯನ್ನು ದಿನಕ್ಕೆ ಹತ್ತು ಸಲ ಎಬ್ಬಿಸಿ ಓಡಿಸಿದರೆ ಅದು ಕಳೆದುಕೊಂಡ ಶಕ್ತಿಯನ್ನು ತುಂಬಿಕೊಳ್ಳಲು ಇನ್ನಷ್ಟು ಮೇಯುತ್ತದೆ ಎಂಬುದನ್ನೂ ರೈತರು ಗಮನಿಸಬೇಕು. ಫೋಟೋ ತೆಗೆಯಲು ಹತ್ತಿರ ಹೋಗಿ ಹಿಂಡನ್ನು ಎಬ್ಬಿಸುವವರಿಗೂ ಈ ಮಾತು ಸಲ್ಲುತ್ತದೆ.

ಇನ್ನು ರೋಗದ ವಿಚಾರ. ಸಾವಿರಾರು ಹಕ್ಕಿಗಳು ಒಂದೇ ನೀರಿನಲ್ಲಿ ನೆರೆದಾಗ ಸೋಂಕು ಹರಡುವುದು ಸುಲಭ. 2005ರ ಬೇಸಿಗೆಯಲ್ಲಿ ಛಿಂಗ್‌ಹಾಯ್ ಸರೋವರದಲ್ಲಿ ಎಚ್5ಎನ್1 ಹಕ್ಕಿಜ್ವರದಿಂದ ಆರು ಸಾವಿರಕ್ಕೂ ಹೆಚ್ಚು ಹಕ್ಕಿಗಳು ಸತ್ತವು. ಅವುಗಳಲ್ಲಿ ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳು. 2020ರ ಡಿಸೆಂಬರಿನ ಕೊನೆಯಿಂದ ಹಿಮಾಚಲ ಪ್ರದೇಶದ ಪೋಂಗ್ ಜಲಾಶಯದಲ್ಲಿ ಸತ್ತ ಸಾವಿರಾರು ಹಕ್ಕಿಗಳಲ್ಲಿಯೂ ಇವುಗಳದ್ದೇ ದೊಡ್ಡ ಪಾಲು. ಇದನ್ನು ಕೇಳಿದ ಕೂಡಲೇ “ಹಾಗಾದರೆ ಈ ಹಕ್ಕಿಗಳೇ ನಮ್ಮ ಕೋಳಿಗೆ ರೋಗ ತರುತ್ತವೆ” ಎಂದು ತೀರ್ಮಾನಿಸುವವರಿದ್ದಾರೆ. ಅರ್ಧ ಸತ್ಯ. ಈ ಮಾರಕ ವೈರಾಣುವಿನ ಮೂಲಪುರುಷ ಮೊದಲು ಪತ್ತೆಯಾದದ್ದು 1996ರಲ್ಲಿ, ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಸಾಕು ಹೆಬ್ಬಾತುಗಳಲ್ಲಿ. ಕಿಕ್ಕಿರಿದ ಸಾಕಣೆಯಲ್ಲಿ ಬಲಿತ ರೋಗ ಕಾಡುಹಕ್ಕಿಗೆ ಅಂಟಿತು. ಅನಂತರ ಎರಡೂ ಕಡೆಗೆ ಹರಿಯಿತು. ಕೋಳಿ, ಮೊಟ್ಟೆ, ಗೊಬ್ಬರ, ಲಾರಿಗಳ ಓಡಾಟದಿಂದಲೂ ಅದು ದೂರ ಸಾಗುತ್ತದೆ. 2025ರ ಆರಂಭದಲ್ಲಿ ನಮಗೆ ದೂರವಲ್ಲದ ಸಂಡೂರು ತಾಲ್ಲೂಕಿನಲ್ಲಿಯೂ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿಯೂ ಕೋಳಿಗಳಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು.

ನಾವು ಮಾಡಬೇಕಾದದ್ದು ಕಷ್ಟದ ಕೆಲಸವಲ್ಲ. ಚಳಿಗಾಲದಲ್ಲಿ ಜವಾರಿ ಕೋಳಿಗಳನ್ನು ಕೆರೆಯಂಗಳಕ್ಕೆ ಬಿಡಬಾರದು. ಕೆರೆಯಲ್ಲಿ ಸಾಕುಬಾತು ಬಿಡುವ ಯೋಚನೆ ಬೇಡವೇ ಬೇಡ. ಹಕ್ಕಿ ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟದೆ, ನಾಯಿ ಎಳೆಯದಂತೆ ಕಾವಲಿದ್ದು, ಪಶುವೈದ್ಯರಿಗೂ ಅರಣ್ಯ ಇಲಾಖೆಗೂ ಅಂದೇ ತಿಳಿಸಬೇಕು. ಕತ್ತು ತಿರುಚಿ, ತೋಲ ತಪ್ಪಿ ಬೀಳುವ ಹಕ್ಕಿಯನ್ನು ಕಂಡು ರೋಗವೆಂದೇ ಹೇಳುವಂತಿಲ್ಲ. ಕೀಟನಾಶಕದ ವಿಷವೂ ನರಗಳನ್ನೇ ಹಿಡಿಯುತ್ತದೆ. ಯಾವುದೆಂದು ಪ್ರಯೋಗಾಲಯವೇ ಹೇಳಬೇಕು. ಹಕ್ಕಿಜ್ವರದ ಅಂತಿಮ ಪರೀಕ್ಷೆ ನಡೆಯುವುದು ಭೋಪಾಲದ ರಾಷ್ಟ್ರೀಯ ಸಂಸ್ಥೆಯಲ್ಲಿ. ಫೋರೇಟ್ ಹರಳುಗಳಿಗೆ 2020ರ ಕೊನೆಯಿಂದ ದೇಶದಲ್ಲಿ ನಿಷೇಧವಿದೆ. ಹಳೆಯ ಚೀಲ ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ ಅದು ಹೊಲಕ್ಕೆ ಹೋಗಬಾರದು. ವಿಷ ಲೇಪಿಸಿದ ಬೀಜ ಮಣ್ಣಿನ ಮೇಲೆ ಕಾಣುವಂತೆ ಚೆಲ್ಲಿರಬಾರದು.

ಈಗ ಕಡಲೆಯ ಲೆಕ್ಕ. ಸ್ಕಾಟ್ಲೆಂಡಿನ ಐಲೆ ದ್ವೀಪದಲ್ಲಿ ಚಳಿಗಾಲಕ್ಕೆ ಬರುವ ಹೆಬ್ಬಾತುಗಳು ಹುಲ್ಲುಗಾವಲು ಮೇಯುವುದಕ್ಕೆ ಅಲ್ಲಿನ ರೈತರು ಸರಕಾರದಿಂದ ಹಣ ಪಡೆಯುತ್ತಾರೆ. ಅದು ಸಾಧ್ಯವಾದದ್ದು ಹಕ್ಕಿಗಳನ್ನೂ ಹಾನಿಯನ್ನೂ ಕ್ರಮವಾಗಿ ಎಣಿಸಿದ್ದರಿಂದ. ನಮ್ಮಲ್ಲಿ ಒಬ್ಬರು “ಎಲ್ಲಾ ತಿಂದು ಹೋದವು” ಎನ್ನುತ್ತಾರೆ, ಇನ್ನೊಬ್ಬರು “ಹಿಕ್ಕೆಯಿಂದ ಹೊಲಕ್ಕೆ ಗೊಬ್ಬರ” ಎನ್ನುತ್ತಾರೆ. ಎರಡೂ ಮಾತನ್ನು ತಕ್ಕಡಿಗೆ ಹಾಕಿಲ್ಲ. ಕಡಲೆಯ ವಿಷಯದಲ್ಲಿ ಒಂದು ವಿಶೇಷವಿದೆ. ಬಿತ್ತಿದ ತಿಂಗಳೊಪ್ಪತ್ತಿಗೆ ಕುಡಿ ಚಿವುಟುವುದು ನಮ್ಮ ಹೆಣ್ಣುಮಕ್ಕಳ ಹಳೆಯ ಪದ್ಧತಿ. ಚಿವುಟಿದ ಗಿಡ ಹೆಚ್ಚು ಕವಲೊಡೆಯುತ್ತದೆ, ಕೃಷಿ ವಿಜ್ಞಾನವೂ ಅದನ್ನೇ ಶಿಫಾರಸು ಮಾಡುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ಹಕ್ಕಿ ಕುಡಿ ಕಿತ್ತರೆ ನಷ್ಟ ಕಡಿಮೆಯಿರಬಹುದು. ಗಿಡವೇ ಕಿತ್ತು ಬಂದರೆ, ಅಥವಾ ಕಾಯಿ ಕಟ್ಟಿದ ಮೇಲೆ ಮೇದರೆ, ಕಥೆ ಬೇರೆ.

ಇದನ್ನು ಅಳೆಯುವ ವಿಧಾನ ಹೈಸ್ಕೂಲು ಮಕ್ಕಳ ಕೈಗೆಟಕುವಂಥದು. ಕೋಳಿಬಲೆಯಿಂದ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಎರಡಡಿ ಎತ್ತರದ ಪಂಜರಗಳನ್ನು ಮಾಡಿ ಬಿತ್ತನೆಯಾದ ಕೂಡಲೇ, ಹಕ್ಕಿ ಬರುವ ಮೊದಲೇ, ಹೊಲದಲ್ಲಿ ಊರಬೇಕು. ಪ್ರತಿ ಪಂಜರದ ಪಕ್ಕದಲ್ಲಿ ನಾಲ್ಕು ಗೂಟ ಹೊಡೆದು ಅಷ್ಟೇ ಜಾಗವನ್ನು ತೆರೆದಿಡಬೇಕು. ಬೆಳೆ ಚೆನ್ನಾಗಿರುವ ಜಾಗವನ್ನೇ ಆರಿಸಬಾರದು. ಬೆನ್ನು ತಿರುಗಿಸಿ ಕಲ್ಲು ಎಸೆದು, ಅದು ಬಿದ್ದಲ್ಲಿ ಊರಬೇಕು. ಕೆರೆಗೆ ಅರ್ಧ ಕಿಲೋಮೀಟರ್, ಒಂದು, ಎರಡು ಕಿಲೋಮೀಟರ್ ದೂರದ ಹೊಲಗಳೆಲ್ಲ ಇರಲಿ. ವಾರಕ್ಕೊಮ್ಮೆ ತೆರೆದ ಜಾಗದ ಹಿಕ್ಕೆ ಎಣಿಸಬೇಕು. ಹೆಬ್ಬಾತಿನದ್ದು ಬೆರಳಿನಂತೆ ಉದ್ದ, ಹಸಿರು ಬಣ್ಣ. ಚಿಗರಿಯದ್ದು ಗುಂಡು ಗುಂಡು. ಚಿಗರಿ ತಿಂದದ್ದನ್ನು ಹಕ್ಕಿಯ ಲೆಕ್ಕಕ್ಕೆ ಬರೆಯಬಾರದಷ್ಟೆ. ಅದೇ ದಿನ ದೂರದರ್ಶಕದಲ್ಲಿ ಹಿಂಡನ್ನು ನೋಡಿ, ತಲೆಯ ಮೇಲೆ ಕಪ್ಪು ಪಟ್ಟೆ ಇನ್ನೂ ಮೂಡದ ಹಕ್ಕಿಗಳು ನೂರಕ್ಕೆ ಎಷ್ಟೆಂದು ಬರೆದಿಟ್ಟುಕೊಳ್ಳಿ. ಅವು ಆ ವರ್ಷದ ಮರಿಗಳು, ತಂದೆತಾಯಿಯ ಜೊತೆ ಬಂದವು. ಟಿಬೆಟ್, ಮಂಗೋಲಿಯಾಗಳಲ್ಲಿ ಆ ವರ್ಷ ಸಂತಾನ ಹೇಗಾಯಿತೆಂಬ ಸುದ್ದಿ ಶಿರಹಟ್ಟಿಯ ದಂಡೆಯಲ್ಲೇ ನಿಮಗೆ ಸಿಗುತ್ತದೆ.

ಸುಗ್ಗಿಯಲ್ಲಿ ಪಂಜರದ ಕಡಲೆಯನ್ನೂ ತೆರೆದ ಜಾಗದ ಕಡಲೆಯನ್ನೂ ಬೇರೆ ಬೇರೆ ಚೀಲದಲ್ಲಿ ಒಣಗಿಸಿ, ಒಕ್ಕಿ, ತೂಗಿರಿ. ಒಂದು ಚದರ ಮೀಟರಿನಲ್ಲಿ ಒಂದು ಗ್ರಾಂ ವ್ಯತ್ಯಾಸ ಬಂದರೆ ಎಕರೆಗೆ ನಾಲ್ಕು ಕಿಲೋ ಎಂದು ಲೆಕ್ಕ. ಪ್ರತಿ ಹೊಲಕ್ಕೆ ಕನಿಷ್ಠ ಐದು ಜೋಡಿ ಇರಲಿ, ಮೂರು ಹಂಗಾಮು ನಡೆಯಲಿ. ಹೊಲದ ಸರ್ವೆ ನಂಬರು, ಬಿತ್ತಿದ ದಿನಾಂಕ, ಹಿಕ್ಕೆಯ ಎಣಿಕೆ, ತೂಕ ಎಲ್ಲವೂ ಒಂದೇ ವಹಿಯಲ್ಲಿರಲಿ. ಪರಿಹಾರ ಕೇಳಲು ಕಚೇರಿಗೆ ಹೋಗುವ ದಿನ ಆ ವಹಿಯನ್ನು ಕೈಯಲ್ಲಿ ಹಿಡಿದು ಹೋಗೋಣ. ಬಲೆ, ಗೂಟ, ತಕ್ಕಡಿ ಕಲೆಹಾಕುವ ಕೆಲಸವನ್ನು ಹಿಂಗಾರಿ ಬಿತ್ತನೆಗೆ ಹದಿನೈದು ದಿನ ಮೊದಲೇ ಮುಗಿಸಿಕೊಳ್ಳಬೇಕು.